ಮದ್ದೂರಿನಲ್ಲಿ ತಂಡ ಮತ್ತೆ ಕೂಡಿದ್ದು

ನಮ್ಮ ಹುಡುಗಿಯರು ಸೋತ ದಿನ ನಾನು ಮಳವಳ್ಳಿಯ ಮನೆಯಲ್ಲಿ ಅವ್ವನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೆ. ದೂರದ ಯಾವುದೋ ದೇಶದ ಮೈದಾನದಿಂದ ನಮ್ಮ ದೇಶದ ಅಂಧ ಮಹಿಳೆಯರ ಕ್ರಿಕೆಟ್ ತಂಡದ ಪಂದ್ಯ ನೇರವಾಗಿ ಬರುತ್ತಿತ್ತು. ಚಿತ್ರ ಆಗಾಗ ನಿಂತುಬಿಡುತ್ತಿತ್ತು, ದನಿ ಮಾತ್ರ ಬರುತ್ತಿತ್ತು. ಅವ್ವನಿಗೆ ಅದರಿಂದ ತೊಂದರೆಯಿರಲಿಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಿ ಅವಳ ದೃಷ್ಟಿ ಹೋಗಿ ಎರಡು ವರ್ಷದ ಮೇಲಾಗಿತ್ತು.

ಎದುರಾಳಿಗಳು ರಾಶಿ ರನ್ ಹೊಡೆದಿದ್ದರು. ನಮ್ಮವರು ಅದರ ಕಾಲು ಭಾಗವನ್ನೂ ಮುಟ್ಟಲಿಲ್ಲ. ಸೋಲಿಗಿಂತ ಸೋತ ರೀತಿ ನೋಡಲಾಗಲಿಲ್ಲ. ಒಬ್ಬಳ ಹಿಂದೆ ಒಬ್ಬಳು ರನೌಟ್. ಒಬ್ಬಳು ಅರ್ಧ ದಾರಿಗೆ ಓಡಿ ನಿಂತರೆ ಇನ್ನೊಬ್ಬಳು ಹೊರಡುವುದೇ ಇಲ್ಲ. ಒಮ್ಮೆಯಂತೂ ಇಬ್ಬರೂ ಒಂದೇ ತುದಿಗೆ ಓಡಿಬಂದರು. ಎಲ್ಲರೂ ಕೂಗುತ್ತಿದ್ದರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ನನಗೇ ತಿಳಿಯಲಿಲ್ಲ.

"ಆರ್ಸವ್ವ ಅದ್ನ," ಅಂದಳು ಅವ್ವ. "ಆ ಕೂಸುಗಳ ದನಿ ಕೇಳಾಕಾಗ್ತಾ ಇಲ್ಲ."

ಆರಿಸಿದೆ. ಆ ತಂಡದ ನಾಯಕಿ ನನ್ನ ವಿದ್ಯಾರ್ಥಿನಿ.

ನಾನು ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಮದ್ದೂರಿನ ಹೈಸ್ಕೂಲಿನಲ್ಲಿದ್ದಾಗ, ಹತ್ತಿರದ ವೈದ್ಯನಾಥಪುರದಿಂದ ಆ ಹುಡುಗಿ ಎಂಟನೇ ತರಗತಿಗೆ ಬಂದು ಸೇರಿದಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಆಟದ ಪೀರಿಯಡ್ಡಿನಲ್ಲಿ ಅವಳನ್ನು ಹೊಂಗೆಮರದ ಕೆಳಗೆ ಕೂರಿಸುತ್ತಿದ್ದೆವು. ಒಂದು ದಿನ ಅವಳೇ ನನ್ನ ಸೀಟಿಯ ಸದ್ದು ಹಿಡಿದು ಹತ್ತಿರ ಬಂದು, "ಮಿಸ್, ಎಲ್ರೂ ಓಡ್ತಾವ್ರೆ. ನಾನ್ ಮಾತ್ರ ಯಾಕೆ ಕೂತಿರ್ಬೇಕು?" ಅಂತ ಕೇಳಿದಳು. ಒಂದು ತುಂಡು ಹಗ್ಗದ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಮೈದಾನದ ಸುತ್ತ ಓಡಿದೆ. ಆಮೇಲೆ ಎಲ್ಲೆಲ್ಲೋ ವಿಚಾರಿಸಿ, ಒಳಗೆ ಲೋಹದ ಗುಂಡುಗಳಿರುವ ಪ್ಲಾಸ್ಟಿಕ್ ಚೆಂಡು ತರಿಸಿದೆ. ನೆಲದ ಮೇಲೆ ಉರುಳಿದರೆ ಗಲಗಲ ಎನ್ನುವ ಚೆಂಡು. ಅಂಧರ ಕ್ರಿಕೆಟ್ಟಿನಲ್ಲಿ ಬೌಲಿಂಗೆಂದರೆ ಅದನ್ನು ಕೈ ಕೆಳಗಿನಿಂದ ಬೀಸಿ ನೆಲಕ್ಕೆ ಹತ್ತಿಸಿ ಎಸೆಯುವುದು. ಬ್ಯಾಟು ಹಿಡಿದವಳು ಸದ್ದು ಕೇಳಿ, ಮಂಡಿ ಬಗ್ಗಿಸಿ, ಕಸ ಗುಡಿಸುವ ಹಾಗೆ ಅಡ್ಡ ಬೀಸುತ್ತಾಳೆ. ಆ ಹುಡುಗಿಗೆ ಅದು ಬಹಳ ಬೇಗ ಒಲಿಯಿತು. ಮುಂದೆ ರಾಜ್ಯ ತಂಡ, ಆಮೇಲೆ ದೇಶದ ತಂಡ. ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸವೂ ಸಿಕ್ಕಿತು.

ತಂಡ ವಾಪಸು ಬಂದು ವಾರಗಳಾದರೂ ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅವ್ವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಒಂದು ಭಾನುವಾರ ಬಸ್ಸು ಹತ್ತಿದೆ.

ವೈದ್ಯನಾಥಪುರದಲ್ಲಿ ಅವಳ ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ನೋಡಿ ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು.

"ಬನ್ನಿ ಮೇಡಂ. ನೀವಾರಾ ಒಸಿ ಯೋಳಿ. ಬ್ಯಾಂಕಿಗೆ ಓಯ್ತಾಳೆ, ಬತ್ತಾಳೆ, ಮೂಲೆ ಇಡೀತಾಳೆ. ಉಣ್ಣಾಕೂ ನಾವೇ ಕರೀಬೇಕು."

ಅವಳು ಒಳಗಿನಿಂದಲೇ ನನ್ನ ದನಿ ಗುರುತಿಸಿ ಜಗಲಿಗೆ ಬಂದಳು. ಇಬ್ಬರೂ ನಡೆಯುತ್ತ ದೇವಸ್ಥಾನದ ಆಚೆ ಶಿಂಷೆಯ ದಡಕ್ಕೆ ಹೋಗಿ ಕೂತೆವು. ಅವಳು ನನ್ನ ಮೊಣಕೈ ಹಿಡಿದಿದ್ದಳು. ಹಿಡಿತದಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಆಡಲ್ಲ ಮಿಸ್ ಇನ್ನ," ಅಂದಳು. "ನಂಗೆ ಆಟ ಬರಲ್ಲ ಅಂತಲ್ಲ. ಅವತ್ತು ಮೈದಾನದಲ್ಲಿ ನನ್ ತಂಡದೋರ ದನಿ ಯಾವ್ದು, ಎದ್ರು ತಂಡದೋರ ದನಿ ಯಾವ್ದು ಅಂತ ನಂಗೇ ಗೊತ್ತಾಗ್ಲಿಲ್ಲ. ವಿಮಾನ ಹತ್ತೋ ಮುಂಚೆ ನಾಕ್ ದಿನ ಒಟ್ಟಿಗಿದ್ವಿ ಅಷ್ಟೆ. ಒಡಿಶಾದೋರು, ಕೇರಳದೋರು, ಅಸ್ಸಾಮಿನೋರು. ಅವ್ರು ನಗೋದ್ ಹೆಂಗೆ, ಹೆದ್ರಿದಾಗ ದನಿ ಹೆಂಗಾಯ್ತದೆ, ಒಂದೂ ತಿಳೀದು. ನಾನೆಂಥಾ ಕ್ಯಾಪ್ಟನ್ನು?"

ಸಮಾಧಾನದ ಮಾತೇನೋ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು. "ನೀವು ನಂಗೆ ಸುಳ್ಳು ಯೋಳಿದೋರಲ್ಲ. ಇವತ್ತೂ ಬ್ಯಾಡ."

ಹೊರಡುವಾಗ ಇಷ್ಟು ಮಾತ್ರ ಕೇಳಿದೆ: "ದನಿ ಕಲಿಯಾಕೆ ಎಷ್ಟು ಹೊತ್ತು ಬೇಕು?"

ಅವಳು ಯೋಚಿಸಿದಳು. "ಒಂದೇ ಸೂರಿನಡಿ ಇದ್ರೆ ಒಂದ್ ಬ್ಯಾಸ್ಗೆ ಸಾಕು."

ಆ ಮಾತನ್ನೇ ನಾನು ತಂಡವನ್ನು ನೋಡಿಕೊಳ್ಳುವ ಸಂಸ್ಥೆಯವರಿಗೆ ಫೋನ್ ಮಾಡಿ ಹೇಳಿದೆ. ಅವರೂ ಕಂಗಾಲಾಗಿದ್ದರು. ತಂಡದಲ್ಲಿ ಹಲವರು ಬಿಟ್ಟುಹೋಗುವ ಮಾತಾಡುತ್ತಿದ್ದರು. ಮದ್ದೂರಿನ ಹೊರಗೆ ಒಂದು ಶಾಲೆಯ ಹಾಸ್ಟೆಲ್ಲು ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿರುತ್ತದೆ, ಎದುರಿಗೇ ಮೈದಾನವಿದೆ, ಶಾಲೆಯವರು ನನಗೆ ಪರಿಚಯ ಅಂದೆ. ಅಲ್ಲಿಯೇ ಶಿಬಿರ ನಡೆಸೋಣ, ನೀವೇ ಜೊತೆಗಿದ್ದು ನೋಡಿಕೊಳ್ಳಿ ಅಂದರು. ಫೋನು ಇಡುವ ಮೊದಲು ಅವರಲ್ಲೊಬ್ಬರು ಇನ್ನೊಂದು ಮಾತು ಸೇರಿಸಿದರು. ನಾಯಕತ್ವವನ್ನು ಒಡಿಶಾದ ವಿಕೆಟ್ ಕೀಪರ್ ಹುಡುಗಿಗೆ ಕೊಡಲು ತೀರ್ಮಾನವಾಗಿದೆ, ಅವಳಿಗೆ ಅಲ್ಪಸ್ವಲ್ಪ ಕಾಣುತ್ತದೆ, ಮೈದಾನವನ್ನು ಹೊಂದಿಸಬಲ್ಲಳು. ಹಳೆಯ ನಾಯಕಿಗೆ ಈ ವಿಷಯ ನೀವೇ ತಿಳಿಸಿದರೆ ಒಳ್ಳೆಯದು.

ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಶಿಬಿರಕ್ಕೆ ಹೋದೆ.

ಅವ್ವನನ್ನೂ ಕರೆದುಕೊಂಡು ಹೋಗಬೇಕಾಯಿತು. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾವಿಬ್ಬರೇ. ಹರೆಯದಲ್ಲಿ ಹೊಳಲು ಎಂಬ ಊರಿನ ಗದ್ದೆಗಳಲ್ಲಿ ಆಳುಗಳಿಗಿಂತ ಮುಂದೆ ಬಗ್ಗಿ ನಾಟಿ ಹಾಕಿದ ಹೆಂಗಸು ಅವಳು. ಕಣ್ಣು ಹೋದ ಮೇಲೆ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಬಚ್ಚಲಿಗೂ ನಾನೇ ಕೈ ಹಿಡಿಯಬೇಕು. ನಾನು ಅಂಗಡಿಗೆ ಹೋಗಿ ಬರುವುದು ತಡವಾದರೆ ಬಾಯಾರಿದ್ದರೂ ಹಾಗೆಯೇ ಕೂತಿರುತ್ತಿದ್ದಳು. ಡಾಕ್ಟರು ಕೋಲು ಕೊಡಿಸಿ ಅಂದಿದ್ದರು. ಅವ್ವ ಆ ಬಿಳಿ ಕೋಲನ್ನು ಮುಟ್ಟಿಯೂ ನೋಡಲಿಲ್ಲ. "ನಾಕ್ ಜನ ನೋಡಿ ಅಯ್ಯೋ ಅನ್ನಾದು ಬ್ಯಾಡ" ಎನ್ನುವುದು ಅವಳ ಮಾತು.

ವೈದ್ಯನಾಥಪುರದ ಹುಡುಗಿ ಬ್ಯಾಂಕಿಗೆ ರಜೆ ಹಾಕಿ ಬಂದಳು, ಆದರೆ ಒಂದು ಷರತ್ತಿನ ಮೇಲೆ. "ಎಲ್ರ ಜೊತೆ ಇರ್ತೀನಿ ಮಿಸ್. ಆಡ್ತೀನಿ ಅಂತ ಮಾತ್ರ ಯೋಳಲ್ಲ."

ಮೊದಲ ದಿನಗಳು ಚೆನ್ನಾಗಿರಲಿಲ್ಲ. ಸೋತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅನ್ನುತ್ತಾರೆ. ಇವರು ಒಬ್ಬರ ದನಿ ಒಬ್ಬರು ಕೇಳಲು ಬಯಸುತ್ತಿರಲಿಲ್ಲ. ಒಂದೊಂದು ಭಾಷೆಯವರು ಒಂದೊಂದು ಮೂಲೆಯಲ್ಲಿ ಉಣ್ಣುತ್ತಿದ್ದರು. ಒಂದು ಬೆಳಿಗ್ಗೆ ಅಭ್ಯಾಸದಲ್ಲಿ ಚೆಂಡು ಇಬ್ಬರ ನಡುವೆ ಹೋಯಿತು. ಇಬ್ಬರೂ ಅದರ ಸದ್ದಿನ ಕಡೆಗೆ ನುಗ್ಗಿ ಡಿಕ್ಕಿ ಹೊಡೆದರು. ಕೀಪರ್ ಹುಡುಗಿಯ ತುಟಿ ಒಡೆದು ರಕ್ತ ಬಂತು. ಅವಳು ಅಲ್ಲೇ ಕೂತು ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡು ಅತ್ತಳು. ನಾನು ಐಸ್ ತರಲು ಓಡಿ ವಾಪಸು ಬರುವಷ್ಟರಲ್ಲಿ ವೈದ್ಯನಾಥಪುರದ ಹುಡುಗಿ ಅವಳ ಪಕ್ಕದಲ್ಲಿ ಕೂತು, ಬೆರಳಿನಿಂದ ಅವಳ ತುಟಿ ಮುಟ್ಟಿ ನೋಡುತ್ತಿದ್ದಳು.

"ನಾನು ಕೂಗಿದೆ," ಅಂದಳು ಕೀಪರ್, ಹಿಂದಿಯಲ್ಲಿ. "ನೋ ಅಂತ ಕೂಗಿದೆ. ಅವಳು ಬಂದೇಬಿಟ್ಟಳು."

ಡಿಕ್ಕಿ ಹೊಡೆದ ಕೇರಳದ ಹುಡುಗಿ ಅಳುದನಿಯಲ್ಲಿ, "ನನಗೆ ಗೋ ಅಂತ ಕೇಳಿಸಿತು," ಅಂದಳು.

ವೈದ್ಯನಾಥಪುರದ ಹುಡುಗಿ ತಾನೂ ಹಿಂದಿಯಲ್ಲಿ ನಿಧಾನವಾಗಿ ಕೇಳಿದಳು: "ಅವತ್ತೂ ಹೀಗೇ ಆಯಿತಾ?"

ಹಾಗೇ ಆಗಿತ್ತು. ನೋ ಅಂದವಳೊಬ್ಬಳು, ಗೋ ಎಂದು ಕೇಳಿಸಿಕೊಂಡವಳು ಇನ್ನೊಬ್ಬಳು. ಗಾಳಿಯಲ್ಲಿ, ಜನರ ಗಲಾಟೆಯಲ್ಲಿ, ಆ ಎರಡೂ ಒಂದೇ. ಅಂದಿನ ಪಂದ್ಯದ ಒಂದೊಂದು ರನೌಟನ್ನೂ ಅವರು ಅಲ್ಲೇ ಮಣ್ಣಿನ ಮೇಲೆ ಕೂತು ಬಿಡಿಸಿ ಬಿಡಿಸಿ ಹೇಳಿದರು. ಅದುವರೆಗೆ ಪ್ರತಿಯೊಬ್ಬಳೂ ತಪ್ಪು ತನ್ನದೇ ಅಂದುಕೊಂಡು ಒಳಗೊಳಗೆ ಕೊರಗುತ್ತಿದ್ದಳು. ಹೇಳುತ್ತ ಹೇಳುತ್ತ ಒಬ್ಬಳು ಇನ್ನೊಬ್ಬಳ ಕೈ ಹಿಡಿದಳು. ನಾನು ಕರಗುತ್ತಿರುವ ಐಸ್ ಹಿಡಿದುಕೊಂಡು ನಿಂತೇ ಇದ್ದೆ.

ಹೊಸ ಕೂಗು ಬೇಕಾಯಿತು. ಹಿಂದಿಯ ಮಾತು, ಒಡಿಯಾದ ಮಾತು, ಮಲಯಾಳದ ಮಾತು, ಎಲ್ಲವನ್ನೂ ಮೈದಾನದ ಆ ತುದಿಯಿಂದ ಈ ತುದಿಗೆ ಕೂಗಿ ನೋಡಿದರು. ಬೇರೆ ಮಾತುಗಳು ಗಾಳಿಗೆ ಸಿಕ್ಕಿ ಕಲಸಿಹೋದವು. ಕೊನೆಗೆ ಎರಡು ಮಾತು ಉಳಿದವು. ಓಡಿ ಬರಬೇಕಾದರೆ "ಬಾ". ನಿಲ್ಲಬೇಕಾದರೆ "ತಡಿ". ಎರಡೂ ನಮ್ಮೂರಿನವು. ಕೀಪರ್ ಹುಡುಗಿಯ ಬಾಯಲ್ಲಿ "ತಡಿ" ಎಂಬುದು "ತೊಡಿ" ಆಗುತ್ತಿತ್ತು. ಹಾಗೇ ಇರಲಿ, ಅದು ಅವಳ ಗುರುತು ಅಂದರು ಉಳಿದವರು.

ಆ ದಿನದಿಂದ ಊಟದ ಪದ್ಧತಿಯನ್ನೂ ಬದಲಿಸಿದೆ. ಪ್ರತಿ ಹೊತ್ತೂ ಬೇರೆ ಬೇರೆಯವರ ಪಕ್ಕ ಕೂರಬೇಕು. ಸ್ವಲ್ಪ ಕಾಣುವವರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಪಕ್ಕದವಳು ಯಾರೆಂದು ದನಿಯಿಂದಲೇ ಹೇಳಬೇಕು. "ನೀವೂ ಕಟ್ಕಳಿ ಮಿಸ್" ಅಂದಳು ವೈದ್ಯನಾಥಪುರದ ಹುಡುಗಿ. ಕಟ್ಟಿಕೊಂಡೆ. ಮುದ್ದೆ ಮುರಿಯಲು ಹೋದ ಕೈ ನೇರವಾಗಿ ಪಕ್ಕದವಳ ಸೊಪ್ಪುಸಾರಿಗೆ ಇಳಿಯಿತು. ಅವಳು ಕಿರುಚಿದಳು. ಏನಾಯಿತೆಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತ ಹೇಳುತ್ತ ನಗು ಸಾಲಿನ ಆ ಕೊನೆಯವರೆಗೆ ಹೋಯಿತು. ಶಿಬಿರದಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅವತ್ತೇ ಮೊದಲು. ನನ್ನ ಸೀರೆಗೆ ಅಂಟಿದ ಸಾರಿನ ಕಲೆ ಮಾತ್ರ ಹೋಗಲಿಲ್ಲ.

ಅವ್ವ ರೂಮಿನ ಮಂಚದ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಹುಡುಗಿಯರು ಬಿಡುವಾದಾಗ ಬಂದು ಅವಳ ಸುತ್ತ ಕೂರುವರು. ಭಾಷೆ ಬಾರದವರೂ ಅಜ್ಜಿ ಅನ್ನುವುದನ್ನು ಕಲಿತಿದ್ದರು. ಅವ್ವ ಅವರ ಜಡೆ ಹೆಣೆಯುತ್ತಿದ್ದಳು. ಅದಕ್ಕೆ ಕಣ್ಣು ಬೇಕಿರಲಿಲ್ಲ.

ಒಂದು ಮಧ್ಯಾಹ್ನ ನಾನು ಮೈದಾನದಿಂದ ಬರುತ್ತಿದ್ದೆ. ರೂಮಿನ ಕಿಟಕಿಯಾಚೆ ಮಾತು ಕೇಳಿ ನಿಂತೆ. ವೈದ್ಯನಾಥಪುರದ ಹುಡುಗಿ ಅವ್ವನ ಜೊತೆಗಿದ್ದಳು.

"ಅಜ್ಜಿ, ನಲ್ಲಿ ಎಲ್ಲೈತೆ ಗೊತ್ತಾ ನಿಮ್ಗೆ?"

"ನಂಗ್ಯಾಕವ್ವ ನಲ್ಲಿ? ನನ್ ಮಗ್ಳು ತಂದ್ಕೊಡ್ತಾಳೆ."

"ಮಿಸ್ ಮೈದಾನದಲ್ಲವ್ರೆ. ಈಗ ಬಾಯಾರಿದ್ರೆ?"

"ತಡ್ಕತೀನಿ."

ಮಂಚ ಕಿರುಗುಟ್ಟಿತು, ಹುಡುಗಿ ಅವ್ವನ ಪಕ್ಕ ಕೂತಿರಬೇಕು. ಆಮೇಲೆ ಹುಡುಗಿ ಅಂದಳು, "ನಾನು ಹುಟ್ದಾಗ್ಲಿಂದ ಇಂಗೇ ಅಜ್ಜಿ. ನಂಗೆ ಹೋಗಿದ್ದು ಅಂತ ಏನೂ ಇಲ್ಲ. ನೀವು ಎಲ್ಲಾನೂ ನೋಡಿ ಕಳ್ಕಂಡೋರು. ನಂಗಿಂತ ನಿಮ್ದೇ ಕಷ್ಟ ಕಣಜ್ಜಿ."

ಕಣ್ಣು ಹೋದ ಮೇಲೆ ಅವ್ವ ನನ್ನೆದುರು ಅತ್ತಿರಲಿಲ್ಲ. ಅವತ್ತು ಅತ್ತಳು. ನಾನು ಒಳಗೆ ಹೋಗಲಿಲ್ಲ. ಎರಡು ವರ್ಷದಿಂದ ನಾನು ಅವಳಿಗೆ ಏನೂ ಆಗಿಲ್ಲ, ಎಲ್ಲಕ್ಕೂ ನಾನಿದ್ದೇನೆ ಎನ್ನುತ್ತ ಬಂದಿದ್ದೆ. ಕಷ್ಟ ಅನ್ನುವ ಮಾತು ಅವಳಿಗೆ ಬೇಕಿತ್ತೆಂದು ನನಗೆ ತೋಚಿರಲಿಲ್ಲ.

ಆಮೇಲೆ ಇಬ್ಬರೂ ಬಾಗಿಲ ಹೊರಗೆ ಬಂದರು. ಹುಡುಗಿ ಮುಂದೆ, ಅವ್ವ ಹಿಂದೆ, ಗೋಡೆಯ ಪಕ್ಕದಲ್ಲಿ. "ಅಂಗೈ ಊರ್ಬ್ಯಾಡಿ ಅಜ್ಜಿ. ಕೈ ಹಿಂಬದಿ ಮೆತ್ತಗೆ ತಾಗಿಸ್ಕಂಡು ಬನ್ನಿ. ಮೊಳೆ ಗಿಳೆ ಇದ್ರೆ ಚುಚ್ಚಲ್ಲ." ಅವ್ವ ಹೆದರಿ ಹೆದರಿ ಹೆಜ್ಜೆ ಇಡುತ್ತಿದ್ದಳು. ಒಂದು ಕಡೆ ಕಂಬ ಅಡ್ಡ ಬಂದು ನಿಂತಾಗ, ಹೋಗಿ ಹಿಡಿದುಕೊಳ್ಳಲು ನನ್ನ ಕಾಲು ಎದ್ದಿತು. ತಡೆದುಕೊಂಡೆ. ಅವ್ವ ಕಂಬವನ್ನು ಸವರಿ, ಸುತ್ತಿ, ಮುಂದೆ ಹೋದಳು. ನಲ್ಲಿ ಸಿಕ್ಕಿತು. ಜೋರಾಗಿ ತಿರುಗಿಸಿದ್ದಕ್ಕೆ ನೀರು ಹಾರಿ ಸೀರೆ ಅಂಚೆಲ್ಲ ತೊಯ್ಯಿತು. ಅವಳು ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು, ಮತ್ತೆ ಹಿಡಿದು ಮುಖ ತೊಳೆದುಕೊಂಡಳು.

ಅದೇ ಸಂಜೆ ನಾನು ನಾಯಕತ್ವದ ವಿಷಯ ಹೇಳಿದೆ. ಇನ್ನು ಮುಚ್ಚಿಡಲಾಗಲಿಲ್ಲ. ಮೈದಾನದ ಅಂಚಿನ ಕಟ್ಟೆಯ ಮೇಲೆ ಕೂತು ಅವಳು ಶೂ ಕಟ್ಟಿಕೊಳ್ಳುತ್ತಿದ್ದಳು. ನಾನು ಸುತ್ತಿ ಬಳಸಿ ಮಾತು ಮುಗಿಸುವಷ್ಟರಲ್ಲಿ ಅವಳು ಮೆಲ್ಲಗೆ ನಕ್ಕಳು.

"ಇದ್ನ ಯೋಳಾಕೆ ಬಂದ ದಿನದಿಂದ ಒದ್ದಾಡ್ತಾ ಇದ್ರಾ ಮಿಸ್? ನಿಮ್ ದನೀಲೇ ಏನೋ ಐತೆ ಅಂತ ಗೊತ್ತಿತ್ತು. ಅವಳೇ ಸರಿ ಬುಡಿ. ಎಲ್ರ ಹೆಸರೂ ನಾಲ್ಗೆ ಮೇಲವೆ ಅವಳಿಗೆ."

"ನಿಂಗೆ ಬೇಜಾರಿಲ್ವಾ?"

"ಐತೆ," ಅಂದಳು. "ಆದ್ರೆ ಹಗುರಾನೂ ಆಯ್ತು."

ಪೂರ್ತಿ ಕಾಣದವರು ಆಡುವಾಗ ಕಣ್ಣಿಗೆ ಕರಿ ಪಟ್ಟಿ ಕಟ್ಟಿಕೊಳ್ಳಬೇಕೆಂಬುದು ನಿಯಮ. ಅಭ್ಯಾಸಕ್ಕೆ ಇನ್ನೂ ಸಮಯವಿದ್ದರೂ ಅವಳು ಪಟ್ಟಿ ತೆಗೆದು ಕಟ್ಟಿಕೊಂಡಳು. ಅದರ ಕೆಳಗೆ ಏನಿತ್ತೆಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತೆ. ತುಸು ಹೊತ್ತಿನ ನಂತರ ಅವಳೇ ಎದ್ದು, "ಚೆಂಡ್ ಕೊಡಿ ಮಿಸ್, ಇವತ್ತು ನಾನೂ ಎಸೀತೀನಿ," ಅಂದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅವರು ಬೆನ್ನು ತಿರುಗಿಸಿ ನಿಂತಿದ್ದರೂ ಕೆಮ್ಮಿನಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು. ಬಿಟ್ಟುಹೋಗುತ್ತೇನೆ ಅಂದವರಲ್ಲಿ ಇಬ್ಬರು ನಿಜವಾಗಿ ಹೋದರು. ಅವರ ಜಾಗಕ್ಕೆ ಹೊಸಬರು ಬಂದರು. ಮಳೆಗಾಲ ಕಳೆದ ಮೇಲೆ, ನಮ್ಮನ್ನು ಸೋಲಿಸಿದ ಅದೇ ತಂಡ ನಮ್ಮ ದೇಶಕ್ಕೆ ಆಡಲು ಬಂತು. ಮೊದಲ ಪಂದ್ಯ ಬೇರೆ ಊರಿನಲ್ಲಾಯಿತು. ಸೋತೆವು. ಆದರೆ ಕೊನೆಯ ಓವರಿನವರೆಗೆ ಆಡಿ ಸೋತೆವು, ಒಬ್ಬಳೂ ರನೌಟ್ ಆಗಲಿಲ್ಲ. ಎರಡನೆಯದು ಮಂಡ್ಯದಲ್ಲಿ.

ಮಂಡ್ಯದ ಜನ ತುಂಬಿ ಬಂದಿದ್ದರು. ಇಲ್ಲಿಯವರು ಆಟ ನೋಡುವುದೆಂದರೆ ಸೀಟಿ ಹೊಡೆಯುವುದು. ಈ ಆಟದಲ್ಲಿ ಅದೇ ಕಷ್ಟ, ಚೆಂಡಿನ ಸದ್ದು ಕೇಳಬೇಕಾದರೆ ಜನ ಉಸಿರು ಬಿಗಿಹಿಡಿದು ಕೂರಬೇಕು. ಮೈಕಿನಲ್ಲಿ ಎಷ್ಟು ಬೇಡಿಕೊಂಡರೂ ಗಲಾಟೆ ನಿಲ್ಲಲಿಲ್ಲ. ಅವ್ವ ನನ್ನ ಹಿಂದಿನ ಸಾಲಿನಲ್ಲಿ, ಹುಡುಗಿಯ ಅಪ್ಪನ ಪಕ್ಕ ಕೂತಿದ್ದಳು. ಅವಳ ಹಿಂದೆ ಯಾರೋ ಉದ್ದಕ್ಕೆ ಸೀಟಿ ಊದಿದರು. ಅವ್ವ ತಿರುಗಿ ಕೂತಳು.

"ಲೇ, ಯಾವನ್ಲಾ ಅವ್ನು? ಒಸಿ ಬಾಯ್ ಮುಚ್ಕಂಡು ಕೂತ್ಕಳ್ಲಾ. ಆ ಕೂಸುಗಳಿಗೆ ಚೆಂಡು ಕೇಳ್ಬೇಕು."

ಸುತ್ತಲಿನವರು ನಕ್ಕರು. ಸೀಟಿ ಊದಿದವನು ನಾಚಿಕೊಂಡು "ಆಯ್ತು ಕಣಜ್ಜಿ, ಆಯ್ತು" ಅಂದ. ಆಮೇಲೆ ಅವನೇ ಎದ್ದು ನಿಂತು ಹಿಂದಿನ ಸಾಲುಗಳಿಗೆಲ್ಲ ಬಾಯಿಗೆ ಬೆರಳಿಟ್ಟು ತೋರಿಸಿದ. ನಿಧಾನಕ್ಕೆ ಮೌನ ಹರಡಿತು. ಅಷ್ಟು ಜನ ಮಂಡ್ಯದವರು ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಚೆಂಡು ಹುಲ್ಲಿನ ಮೇಲೆ ಗಲಗಲ ಉರುಳುವುದು ನಮಗೂ ಕೇಳತೊಡಗಿತು.

ನಮ್ಮವರು ಮೊದಲು ಆಡಿ ಒಳ್ಳೆಯ ಮೊತ್ತ ಮಾಡಿದರು. "ಬಾ" "ತಡಿ" ಎಂಬ ಕೂಗು ಮೈದಾನದ ತುಂಬ ಕೇಳುತ್ತಿತ್ತು. ಪ್ರತಿ ಸಲ "ತೊಡಿ" ಅಂದಾಗಲೂ ಜನ ನಗೆ ತಡೆದುಕೊಳ್ಳಲು ಒದ್ದಾಡುತ್ತಿದ್ದರು. ಎದುರಾಳಿಗಳೂ ಬಿಡಲಿಲ್ಲ. ಕೊನೆಯ ವಿಕೆಟ್ಟು ಉಳಿದಿದ್ದಾಗ ಅವರಲ್ಲಿ ಒಬ್ಬಳು ನಿಂತು ಹೊಡೆಯುತ್ತಿದ್ದಳು, ಅವಳು ಉಳಿದರೆ ಪಂದ್ಯ ಅವರದು, ಔಟಾದರೆ ನಮ್ಮದು. ಚೆಂಡು ಅವಳ ಬ್ಯಾಟಿನಿಂದ ಎದ್ದು ಹಾರಿತು. ಗಾಳಿಯಲ್ಲಿರುವ ಚೆಂಡಿನ ಸದ್ದು ನೆಲದ ಮೇಲಿನಷ್ಟು ಕೇಳುವುದಿಲ್ಲ. ಅದು ಹೊರಟದ್ದು ವೈದ್ಯನಾಥಪುರದ ಹುಡುಗಿಯ ಕಡೆಗೆ. ಪೂರ್ತಿ ಕಾಣದವರು ಚೆಂಡು ಒಂದು ಸಲ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ಅದು ಕ್ಯಾಚು. ಕೀಪರ್ ಅವಳ ಹೆಸರು ಕೂಗಿ, ಎಡಕ್ಕೆ ಎಂದಳು. ಉಳಿದ ಯಾರೂ ಬಾಯಿ ತೆರೆಯಲಿಲ್ಲ. ಅವಳು ಎಡಕ್ಕೆ ಎರಡು ಹೆಜ್ಜೆ ಇಟ್ಟಳು. "ತೊಡಿ" ಎಂದು ಕೇಳಿತು. ನಿಂತಳು, ಮಂಡಿಯೂರಿದಳು. ಚೆಂಡು ಅವಳ ಮುಂದೆ ಬಿದ್ದು, ಗಲ್ ಎಂದು ಪುಟಿದು, ಎದೆಗೆ ಬಂದು ತಾಗಿತು. ಎರಡೂ ಕೈಯಿಂದ ಅದನ್ನು ಮಗುವಿನ ಹಾಗೆ ಅವಚಿಕೊಂಡಳು.

ಆಗಲೂ ಜನ ಸುಮ್ಮನೇ ಇದ್ದರು. ಕೂಗಬಹುದೋ ಬಾರದೋ ಎಂದು ತಿಳಿಯದೆ ಕೂತಿದ್ದರು. ಅವಳ ಅಪ್ಪ ಎದ್ದು ನಿಂತು ನನ್ನನ್ನು ಕೇಳಿದರು: "ಮೇಡಂ, ಔಟಾ?"

"ಔಟ್," ಅಂದೆ.

ಆಮೇಲೆ ಬಂದ ಸೀಟಿಯನ್ನು ಅವ್ವನೂ ತಡೆಯಲಿಲ್ಲ.

ಮಾರನೆಯ ದಿನ ಮಂಡ್ಯದ ರೈಲು ನಿಲ್ದಾಣದಲ್ಲಿ ಹುಡುಗಿಯರನ್ನು ಬೀಳ್ಕೊಟ್ಟೆವು. ಮುಂದಿನ ಪಂದ್ಯಕ್ಕೆ ಬೆಂಗಳೂರಿಗೆ ಹೊರಟಿದ್ದರು. ಅದರಲ್ಲಿ ಅವರು ಸೋತರೆಂದು ಆಮೇಲೆ ತಿಳಿಯಿತು. ಆದರೂ ಕೀಪರ್ ಹುಡುಗಿ ಫೋನಿನಲ್ಲಿ ಯಾವ ಓವರಿನಲ್ಲಿ ಏನಾಯಿತೆಂದು ಸಾವಕಾಶವಾಗಿ, ಊಟ ಮಾಡುತ್ತ ಮಾಡುತ್ತ ಹೇಳಿದಳು. ಹಿಂದೆ ಯಾರೋ ಜಗಳವಾಡುತ್ತಿದ್ದರು, ಯಾರೋ ನಗುತ್ತಿದ್ದರು.

ನಿಲ್ದಾಣದಲ್ಲಿ ಅವತ್ತು ಅವ್ವ ಒಬ್ಬೊಬ್ಬಳ ತಲೆ ಸವರಿ ಕಳಿಸಿದಳು. ರೈಲು ಬೆಂಗಳೂರು ದಾರಿಯಲ್ಲಿ ಯಲಿಯೂರಿನ ಕಡೆಗೆ ಹೊರಟಿತು. ಕಿಟಕಿಯೊಳಗಿಂದ ಬರುತ್ತಿದ್ದ ಮಾತು ದೂರವಾಗುವವರೆಗೂ ಅವಳು ಅತ್ತ ಮುಖ ಮಾಡಿ ನಿಂತಿದ್ದಳು.

"ಆ ಅಸ್ಸಾಮಿನ ಕೂಸ್ಗೆ ನೆಗಡಿ ಆಗೈತೆ," ಅಂದಳು ಆಮೇಲೆ. "ಮೆಣಸಿನ ಸಾರು ಮಾಡ್ಕೊಡಿ ಅಂತ ಫೋನ್ ಮಾಡಿ ಯೋಳು."

"ಮನೆಗೆ ಹೋಗಿ ಮಾಡ್ತೀನಿ ಅವ್ವ."

"ಈಗ್ಲೇ ಮಾಡು. ಆಮೇಕೆ ಮರ್ತೋಯ್ತೀಯ."

ಬೆಂಚಿನ ಮೇಲೆ ಕೂತು ಫೋನ್ ತೆಗೆದೆ.